ಕಲಬುರಗಿ ಬಿಸಿಲಿಗೊಂದು ಹತ್ತಿ ಫ್ರಾಕು: ಮನೆಯಲ್ಲೇ ಅಳೆದು, ಕತ್ತರಿಸಿ, ಹೊಲಿಯುವ ಪೂರ್ತಿ ವಿಧಾನ

ಮಗುವಿನ ಬಟ್ಟೆ ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗಬೇಕಾದರೆ ಅದನ್ನು ಉಲ್ಟಾ ಮಾಡಿ ನೋಡಬೇಕು. ಮೇಲೆ ಎಷ್ಟೇ ಮಿಂಚಿದರೂ ಒಳಗಿನ ಮಗ್ಗಲು ಮಗುವಿನ ಮೈಗೆ ತಾಗುತ್ತದೆ. ಅಂಗಡಿಯಲ್ಲಿ ಸಿಗುವ ನೆಟ್ ಫ್ರಾಕುಗಳ ಸೊಂಟದ ಹತ್ತಿರ ಒಳಗೆ ಕೈಯಾಡಿಸಿ. ನೈಲಾನ್ ದಾರದ ಇಂಟರ್‌ಲಾಕ್ (ಅಂಚಿನ ಎಳೆ ಬಿಚ್ಚದಂತೆ ಹಾಕುವ ಹೊಲಿಗೆ), ಗಟ್ಟಿ ನೆಟ್ಟಿನ ತುದಿ, ಚೂಪಾದ ಲೇಬಲ್ಲು ಎಲ್ಲವೂ ಕೈಗೆ ಹತ್ತುತ್ತವೆ. ಮದುವೆ ಮನೆಯಲ್ಲಿ ಅರ್ಧ ಗಂಟೆ ಕಳೆಯುವುದರೊಳಗೆ ಕೂಸು "ಅವ್ವಾ, ಚುಚ್ಚಲತ್ತದ" ಅಂತ ಅಳುವುದು ಹಟಕ್ಕಲ್ಲ. ನಿಜವಾಗಿಯೂ ಚುಚ್ಚುತ್ತಿರುತ್ತದೆ.

ನಮ್ಮ ಕಲಬುರಗಿಯ ಬಿಸಿಲು ಬೇರೆ ಇದೆಯಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಸರಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ಕ್ಕೆ ಬದಲಿಸುವ ಊರಿದು. ಅಂಥ ಕಡೆ ಬೆವರು ಹೀರದ ಬಟ್ಟೆಯನ್ನು ಮಕ್ಕಳಿಗೆ ತೊಡಿಸುವುದು ಸರಿಯಲ್ಲ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ಅದಕ್ಕೇ ಇಲ್ಲಿ ಹೇಳುತ್ತಿರುವುದು ತೋಳಿಲ್ಲದ, ಒಳಗೆ ಮಲ್‌ಮಲ್ ಅಸ್ತರ (ಒಳಪದರ) ಇರುವ, ಹಿಂದೆ ಗುಂಡಿ ಇರುವ, ನಿರಿಗೆ ಘೇರಿನ ಹತ್ತಿ ಫ್ರಾಕು. ಇಂಟರ್‌ಲಾಕ್ ಮಷಿನ್ ಬೇಡ. ಮನೆಯ ಕಾಲು ಮಷಿನ್ ಸಾಕು. ಒಳಗೆ ಒಂದು ಎಳೆಯೂ ಬಿಚ್ಚಿಕೊಂಡು ಮೈಗೆ ತಾಗದ ಹಾಗೆ ಹೊಲಿಯಬಹುದು. ಜೊತೆಗೆ ಮುಂದಿನ ವರ್ಷ ಬಿಚ್ಚಿ ದೊಡ್ಡದು ಮಾಡಿಕೊಳ್ಳಲೂ ಬರುತ್ತದೆ.

ಬಟ್ಟೆ ಯಾವುದು, ಎಷ್ಟು

ನಮ್ಮ ಊರಿನ ಸೂಪರ್ ಮಾರ್ಕೆಟ್ ಬಜಾರಿನ ಕಡೆ ಬಟ್ಟೆ ಅಂಗಡಿಗೆ ಹೋದರೆ "ಕಾಟನ್ ಕೊಡಿ" ಎಂದಷ್ಟೇ ಕೇಳಬೇಡಿ. ಕಾಟನ್ ಅಂತ ಹೇಳಿ ಪಾಲಿಯೆಸ್ಟರ್ ಬೆರೆಸಿದ್ದನ್ನು ಕೊಡುವುದೂ ಉಂಟು. ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಹಿಚುಕಿ ಬಿಡಿ. ಪೂರ್ತಿ ಹತ್ತಿಯಾದರೆ ಸುಕ್ಕು ಹಾಗೇ ಉಳಿಯುತ್ತದೆ. ತಕ್ಷಣ ನೆಟ್ಟಗಾದರೆ ಬೆರಕೆ ಇದೆ ಅಂತ ಅನುಮಾನಿಸಿ. ಇನ್ನೊಂದು ಉಪಾಯ, ಒಂದು ಹನಿ ನೀರು ಹಾಕಿ ನೋಡುವುದು. ಗಂಜಿ ಇಲ್ಲದ ಹತ್ತಿ ಬೇಗ ಹೀರಿಕೊಳ್ಳುತ್ತದೆ.

ಮೊದಲ ಸಲ ಹೊಲಿಯುವವರಿಗೆ ಕ್ಯಾಂಬ್ರಿಕ್ ಅಥವಾ ತೆಳು ಪಾಪ್ಲಿನ್ ಒಳ್ಳೆಯದು. ಜಾರುವುದಿಲ್ಲ, ಗೆರೆ ಸರಿಯಾಗಿ ಬೀಳುತ್ತದೆ, ತಪ್ಪಿದರೆ ಬಿಚ್ಚಿದರೂ ತೂತು ಕಾಣುವುದಿಲ್ಲ. ಸ್ಯಾಟಿನ್, ಜಾರ್ಜೆಟ್ ಸದ್ಯಕ್ಕೆ ಬೇಡ. ಚೌಕಳಿ ಮತ್ತು ದೊಡ್ಡ ಹೂವಿನ ಪ್ರಿಂಟೂ ಬೇಡ, ಅವನ್ನು ಹೊಂದಿಸಲು ಬಟ್ಟೆಯೂ ತಾಳ್ಮೆಯೂ ಜಾಸ್ತಿ ಬೇಕು. ಸಣ್ಣ ಬುಟ್ಟಾ, ಚುಕ್ಕಿ ಆದರೆ ಸುಲಭ.

ಜಾತ್ರೆಗೋ ಹಬ್ಬಕ್ಕೋ ಆದರೆ ಗುಳೇದಗುಡ್ಡದ ಖಣ ನೆನಪಿಸಿಕೊಳ್ಳಿ. ಸೊಂಟದ ಮೇಲಿನ ಭಾಗಕ್ಕೆ, ಅಂದರೆ 'ಬಾಡಿ'ಗೆ ಮಾತ್ರ ಖಣ, ಸೊಂಟದ ಕೆಳಗಿನ ಘೇರಿಗೆ ಅದಕ್ಕೊಪ್ಪುವ ಸಾದಾ ಕಾಟನ್. ಹೋಳಿ ಆದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಬಿಸಿಲು ಶುರುವಾಗಿರುತ್ತದೆ. ಆಗ ಮೈತುಂಬ ಜರಿಗಿಂತ ಇದೇ ಹಿತ. ಖಣದ ಉಲ್ಟಾ ಮಗ್ಗಲಲ್ಲಿ ಬುಟ್ಟಾದ ದಾರಗಳು ಎದ್ದಿರುತ್ತವೆ. ಹಾಗಾಗಿ ಅಸ್ತರ ಇಲ್ಲದೆ ಖಣ ಹೊಲಿಯಲೇಬೇಡಿ.

ಹಳೆಯ ಹತ್ತಿ ಸೀರೆ ಇದ್ದರೆ ಅದಕ್ಕಿಂತ ಮೆತ್ತಗಿನ ಬಟ್ಟೆ ದುಡ್ಡು ಕೊಟ್ಟರೂ ಸಿಗದು. ಎಷ್ಟೋ ಸಲ ಒಗೆದು ಗಂಜಿಯೆಲ್ಲ ಹೋಗಿರುತ್ತದೆ, ಇನ್ನು ಕುಗ್ಗುವ ಮಾತೂ ಇಲ್ಲ. ಬೆಳಕಿಗೆ ಹಿಡಿದು ನೋಡಿ, ಎಳೆ ಸವೆದ ಜಾಗ ಬಿಟ್ಟು ಕತ್ತರಿಸಿ. ಸೆರಗಿನ ಹತ್ತಿರದ ಭಾಗ ಸಾಮಾನ್ಯವಾಗಿ ಗಟ್ಟಿ ಇರುತ್ತದೆ, ನಡುವೆ ಕೂರುವ ಕಡೆ ಸವೆದಿರುತ್ತದೆ. ಸೀರೆಯ ಅಂಚು ಘೇರಿನ ಕೆಳತುದಿಗೆ ಬರುವ ಹಾಗೆ ಇಟ್ಟರೆ ಕೆಳಗೆ ಮಡಿಚಿ ಹೊಲಿಯುವ ಕೆಲಸವೇ ತಪ್ಪುತ್ತದೆ.

ಲೆಕ್ಕ ಹೀಗಿದೆ. ಸುಮಾರು ನಾಲ್ಕು ವರ್ಷದ ಮಗುವಿಗೆ 44 ಇಂಚು ಪನ್ನದ (ಅಗಲದ) ಬಟ್ಟೆ ಒಂದೂವರೆ ಮೀಟರ್ ಸಾಕು. ಅಸ್ತರಕ್ಕೆ ಬಿಳಿ ಅಥವಾ ತಿಳಿ ಬಣ್ಣದ ಮಲ್‌ಮಲ್ ಅರ್ಧ ಮೀಟರ್. ಅದೇ ಬಣ್ಣದ ದಾರ, ಅರ್ಧ ಇಂಚಿನ ನಾಲ್ಕು ಚಪ್ಪಟೆ ಗುಂಡಿ. ಗುಂಡಿ ಉಬ್ಬಿದ್ದು ಬೇಡ. ಮಗು ಬೆನ್ನ ಮೇಲೆ ಮಲಗಿದಾಗ ಒತ್ತುತ್ತದೆ.

ಕತ್ತರಿ ಹಿಡಿಯುವ ಮುಂಚೆ ನೆನೆಹಾಕಿ

ಇದೊಂದು ಹೆಜ್ಜೆಯನ್ನು ಜನ ಹಾರಿಸಿಬಿಡುತ್ತಾರೆ. ಹೊಸ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಮೇಲಿನ ಬಟ್ಟೆ ಒಂದಿಷ್ಟು, ಅಸ್ತರ ಇನ್ನೊಂದಿಷ್ಟು ಕುಗ್ಗಿದರೆ ಕುತ್ತಿಗೆ, ಕಂಕುಳ ಎಲ್ಲ ಜಗ್ಗಿ ಫ್ರಾಕು ಕೆಡುತ್ತದೆ. ಎರಡನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ರಾತ್ರಿಯಿಡೀ ನೀರಲ್ಲಿ ನೆನೆಹಾಕಿ. ಬಣ್ಣ ಬಿಡುತ್ತದೆಯೇ ಅಂತ ಒದ್ದೆ ಬಟ್ಟೆಯ ಮೇಲೆ ಬಿಳಿ ಕರವಸ್ತ್ರ ಉಜ್ಜಿ ನೋಡಿ. ಬಿಡುತ್ತಿದ್ದರೆ ಬಿಡುವುದು ನಿಲ್ಲುವವರೆಗೂ ನೀರು ಬದಲಿಸಿ ಜಾಲಿಸಿ. ಎಷ್ಟು ಜಾಲಿಸಿದರೂ ನಿಲ್ಲದ ಬಟ್ಟೆಗೆ ಬಿಳಿ ಅಸ್ತರ ಹಾಕಬೇಡಿ. ನೆರಳಲ್ಲಿ ಒಣಗಿಸಿ, ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ. ನಮ್ಮ ಮಾಳಿಗೆ ಮೇಲಿನ ಬಿಸಿಲಿಗೆ ಹಾಕಿದರೆ ಹೊಲಿಯುವ ಮುಂಚೆಯೇ ಬಣ್ಣ ಮಾಸುತ್ತದೆ.

ಅಳತೆ

ವಯಸ್ಸು ನೋಡಿ ಬಟ್ಟೆ ಕತ್ತರಿಸಬೇಡಿ. ಒಂದೇ ಅಂಗನವಾಡಿಯ ಒಂದೇ ವಯಸ್ಸಿನ ಮಕ್ಕಳಲ್ಲಿ ಎದೆ ಸುತ್ತು ಎರಡು ಇಂಚು ಹೆಚ್ಚುಕಡಿಮೆ ಇರುತ್ತದೆ. ಮಗು ತೆಳು ಬನಿಯನ್ ಹಾಕಿಕೊಂಡಿರಲಿ. ನಿಂತಿರಲಿ, ಕೈ ಕೆಳಗೆ ಬಿಟ್ಟಿರಲಿ. ಟೇಪಿನ ಒಳಗೆ ನಿಮ್ಮ ಒಂದು ಬೆರಳು ಆಡುವಷ್ಟು ಸಡಿಲ ಇರಬೇಕು. ನಿಲ್ಲದ ಮಗುವಾದರೆ ಟೇಪಿನ ಒಂದು ತುದಿಯನ್ನು ಅದರ ಕೈಗೇ ಕೊಡಿ, ನಿಂತುಬಿಡುತ್ತದೆ.

ಬೇಕಾದ ಅಳತೆ ಐದೇ. ಇಲ್ಲಿ ಉದಾಹರಣೆಗೆ ಒಂದು ಮಗುವಿನ ಅಳತೆ ಹಿಡಿದು ಲೆಕ್ಕ ಹೇಳುತ್ತೇನೆ. ನಿಮ್ಮ ಮಗುವಿನದನ್ನು ಆ ಜಾಗದಲ್ಲಿ ಹಾಕಿಕೊಳ್ಳಿ.

ಎದೆ ಸುತ್ತು: 22 ಇಂಚು
ಸೊಂಟ ಸುತ್ತು: 21 ಇಂಚು
ಶೋಲ್ಡರ್, ಒಂದು ಭುಜದ ಮೂಳೆಯಿಂದ ಇನ್ನೊಂದಕ್ಕೆ: 9½ ಇಂಚು
ಬಾಡಿ ಉದ್ದ, ಕುತ್ತಿಗೆ ಪಕ್ಕದ ಭುಜದಿಂದ ಸೊಂಟಕ್ಕೆ: 10 ಇಂಚು
ಪೂರ್ತಿ ಉದ್ದ, ಅದೇ ಜಾಗದಿಂದ ಮೊಣಕಾಲ ಕೆಳಗೆ: 23 ಇಂಚು

ಸೊಂಟ ಎಲ್ಲಿ ಅಂತ ಸಣ್ಣ ಮಕ್ಕಳಲ್ಲಿ ಗೊತ್ತಾಗುವುದಿಲ್ಲ, ಹೊಟ್ಟೆ ಮುಂದೆ ಇರುತ್ತದಲ್ಲ. ಒಂದು ಲಾಡಿಯನ್ನು ಹೊಟ್ಟೆಗೆ ಸಡಿಲವಾಗಿ ಕಟ್ಟಿ, ಎರಡು ಸಲ ಬಗ್ಗಿ ಏಳಲು ಹೇಳಿ. ಲಾಡಿ ಹೋಗಿ ನಿಲ್ಲುವ ಜಾಗವೇ ಸೊಂಟ.

ಮಗುವಿಗೆ ಈಗ ಸರಿಯಾಗಿ ಕೂರುವ ಒಂದು ಫ್ರಾಕು ಇದ್ದರೆ ಅದನ್ನು ನೆಲದ ಮೇಲೆ ಹರಡಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಲೆಕ್ಕಕ್ಕೂ ಅದಕ್ಕೂ ತುಂಬಾ ಅಂತರ ಬಂದರೆ ಎಲ್ಲೋ ಟೇಪು ಜಾರಿದೆ ಅಂತ ಅರ್ಥ.

ಪೇಪರಿನ ಮೇಲೆ ಬಾಡಿ

ಹಳೆಯ ದಿನಪತ್ರಿಕೆ ತೆಗೆದುಕೊಳ್ಳಿ. ಮುಂದಿನ ಬಾಡಿಯ ಅರ್ಧ ಭಾಗ ಮಾತ್ರ ಬರೆಯಬೇಕು, ಇನ್ನರ್ಧ ಮಡಿಕೆಯಿಂದ ಬರುತ್ತದೆ. ಪೇಪರಿನ ಎಡ ಅಂಚನ್ನು ಮಡಿಕೆ ಅಂತ ಇಟ್ಟುಕೊಳ್ಳಿ.

ಮೇಲಿನಿಂದ ಕೆಳಗೆ 11 ಇಂಚು ಗೆರೆ ಎಳೆಯಿರಿ. ಬಾಡಿ ಉದ್ದ 10, ಭುಜದ ಹೊಲಿಗೆಗೆ ಅರ್ಧ, ಸೊಂಟದ ಹೊಲಿಗೆಗೆ ಅರ್ಧ. ಅಗಲಕ್ಕೆ ಎದೆ ಸುತ್ತಿನ ನಾಲ್ಕನೇ ಒಂದು ಭಾಗ, 5½. ಆಡಲು, ಓಡಲು, ಉಸಿರಾಡಲು ಸಡಿಲ ಮುಕ್ಕಾಲು ಇಂಚು. ಪಕ್ಕದ ಮಾರ್ಜಿನ್ ಒಂದು ಇಂಚು. ಒಟ್ಟು 7¼. ಟೇಲರುಗಳು ಪಕ್ಕಕ್ಕೆ ಅರ್ಧ ಇಂಚು ಬಿಟ್ಟರೂ ನೀವು ಒಂದು ಇಂಚು ಬಿಡಿ. ಮುಂದಿನ ವರ್ಷದ ಫ್ರಾಕು ಆ ಮಾರ್ಜಿನ್ನಿನಲ್ಲಿದೆ.

ಮೇಲಿನ ಗೆರೆಯ ಮೇಲೆ ಮಡಿಕೆಯಿಂದ 2 ಇಂಚಿಗೆ ಕುತ್ತಿಗೆಯ ಗುರುತು, 4¾ ಇಂಚಿಗೆ ಶೋಲ್ಡರ್ ಗುರುತು ಹಾಕಿ. ಶೋಲ್ಡರ್ ಗುರುತಿನಿಂದ ಮುಕ್ಕಾಲು ಇಂಚು ಕೆಳಗಿಳಿದು ಕುತ್ತಿಗೆ ಗುರುತಿಗೆ ಓರೆಯಾಗಿ ಸೇರಿಸಿ. ಇದು ಭುಜದ ಇಳಿಜಾರು. ಮುಂದಿನ ಕುತ್ತಿಗೆ ಆಳ ಮಡಿಕೆಯ ಮೇಲೆ 3 ಇಂಚು. ಎರಡನ್ನೂ ದುಂಡಗೆ ಸೇರಿಸಿ. ಇದು ಚಿಕ್ಕದಾಯಿತು ಅಂತ ಅನಿಸಬಹುದು. ಹೊಲಿಗೆಗೆ ಕಾಲು ಇಂಚು ಹೋದ ಮೇಲೆ ಕುತ್ತಿಗೆ ದೊಡ್ಡದಾಗುತ್ತದೆ. ಈಗಲೇ ದೊಡ್ಡದು ಕತ್ತರಿಸಿದರೆ ಫ್ರಾಕು ಭುಜದಿಂದ ಜಾರುತ್ತದೆ. ಅದನ್ನು ಸರಿಮಾಡಲು ಆಗುವುದಿಲ್ಲ.

ಆರ್ಮ್‌ಹೋಲಿನ, ಅಂದರೆ ತೋಳು ಹೊರಬರುವ ಜಾಗದ, ಆಳ ಎದೆ ಸುತ್ತಿನ ನಾಲ್ಕನೇ ಒಂದು ಭಾಗ, ಅಂದರೆ ಮೇಲಿನ ಗೆರೆಯಿಂದ 5½ ಇಂಚು ಕೆಳಗೆ. ಅಲ್ಲಿ 7¼ ಅಗಲದ ಗುರುತು ಹಾಕಿ. ಶೋಲ್ಡರ್ ತುದಿಯಿಂದ ಮೊದಲ ಅರ್ಧ ನೇರ ಇಳಿದು, ಆಮೇಲೆ ಹೊರಗೆ ದುಂಡಗೆ ತಿರುಗಿ ಈ ಗುರುತಿಗೆ ಸೇರಬೇಕು. ಮುಂದಿನ ಬಾಡಿಯಲ್ಲಿ ಈ ತಿರುವನ್ನು ಕಾಲು ಇಂಚು ಹೆಚ್ಚು ಒಳಗೆ ತೆಗೆಯಿರಿ. ಮಕ್ಕಳು ಕೈ ಮುಂದೆ ಚಾಚುವುದೇ ಜಾಸ್ತಿ, ಅಲ್ಲಿ ಬಟ್ಟೆ ಗುಂಪಾದರೆ ಕಂಕುಳ ಉಜ್ಜಿ ಕೆಂಪಗಾಗುತ್ತದೆ.

ಪಕ್ಕದ ಗೆರೆ ನೇರ ಕೆಳಗೆ ಬರಲಿ. ಸೊಂಟಕ್ಕೆ ಒಳಗೆ ತೆಗೆಯಬೇಡಿ. ದೊಡ್ಡವರ ಕುಪ್ಪಸದ ಆಕಾರ ಮಕ್ಕಳ ಮೈಗೆ ಹೊಂದುವುದಿಲ್ಲ, ಊಟ ಆದ ಮೇಲೆ ಬಿಗಿಯುತ್ತದೆ.

ಹಿಂದಿನ ಬಾಡಿಗೂ ಇದೇ ಅಳತೆ, ಎರಡು ವ್ಯತ್ಯಾಸ. ಕುತ್ತಿಗೆ ಆಳ 1½ ಇಂಚು ಸಾಕು. ಮತ್ತು ಇಲ್ಲಿ ಮಡಿಕೆ ಇಲ್ಲ. ನಡುವಿನ ಗೆರೆಯಿಂದ ಆಚೆಗೆ ಗುಂಡಿ ಪಟ್ಟಿಗೆ 1 ಇಂಚು ಜಾಸ್ತಿ ಬಿಡಬೇಕು. ಮುಕ್ಕಾಲು ಇಂಚು ಒಂದರ ಮೇಲೊಂದು ಕೂರಲು, ಕಾಲು ಇಂಚು ಹೊಲಿಗೆಗೆ. ಹಾಗಾಗಿ ಹಿಂದಿನ ತುಂಡು 8¼ ಇಂಚು ಅಗಲ ಆಗುತ್ತದೆ. ನಡುಗೆರೆಯನ್ನು ಪೇಪರಿನ ಮೇಲೆ ಬೇರೆ ಬಣ್ಣದಲ್ಲಿ ಎಳೆದಿಡಿ, ಗುಂಡಿ ಹಚ್ಚುವಾಗ ಬೇಕಾಗುತ್ತದೆ.

ಘೇರಿಗೆ ಪೇಪರ್ ಬೇಡ, ಅದು ಸುಮ್ನೆ ಎರಡು ಆಯತದ ತುಂಡು. ಪೂರ್ತಿ ಉದ್ದ 23ರಲ್ಲಿ ಬಾಡಿಯ 10 ಕಳೆದರೆ 13. ಸೊಂಟದ ಹೊಲಿಗೆಗೆ ಅರ್ಧ, ಕೆಳಗೆ ಮಡಚಲು 2½, ಮುಂದೆ ಬಿಚ್ಚಿ ಉದ್ದ ಮಾಡಲು ಹಿಡಿಯುವ ಮಡಿಕೆಗೆ, ಅಂದರೆ ಟಕ್ಕಿಗೆ 2. ಒಟ್ಟು 18 ಇಂಚು. ಅಗಲ ಬಟ್ಟೆಯ ಪನ್ನದಷ್ಟೂ ಇರಲಿ. ಅಂಥ ತುಂಡು ಎರಡು. ತೆಳು ಕ್ಯಾಂಬ್ರಿಕ್ಕಿಗೆ ಇಷ್ಟು ಘೇರು ಚೆನ್ನಾಗಿ ಕೂರುತ್ತದೆ. ಬಟ್ಟೆ ದಪ್ಪ ಇದ್ದರೆ ಸೊಂಟದ ಎರಡೂವರೆ ಪಟ್ಟು ಸಾಕು, ಜಾಸ್ತಿಯಾದರೆ ಸೊಂಟದಲ್ಲಿ ಗಂಟುಗಂಟಾಗಿ ಮಗುವಿಗೆ ಭಾರ.

ಕತ್ತರಿಸುವುದು

ಬಟ್ಟೆಯ ಕಿನಾರೆ (ನೇಯ್ದ ಗಟ್ಟಿ ಅಂಚು) ಬಾಡಿಯ ಉದ್ದಕ್ಕೆ ಸಮನಾಗಿ ಬರಬೇಕು. ಉದ್ದದ ಎಳೆ ಜಗ್ಗುವುದಿಲ್ಲ, ಅಡ್ಡ ಎಳೆ ಸ್ವಲ್ಪ ಜಗ್ಗುತ್ತದೆ. ಓರೆಯಾಗಿ ಕತ್ತರಿಸಿದರೆ ಎರಡನೇ ಒಗೆತಕ್ಕೇ ಫ್ರಾಕು ಒಂದು ಕಡೆ ವಾಲುತ್ತದೆ. ಪ್ರಿಂಟಿನಲ್ಲಿ ನವಿಲೋ ಹೂಬಳ್ಳಿಯೋ ಇದ್ದರೆ ಎಲ್ಲ ತುಂಡಲ್ಲೂ ತಲೆ ಮೇಲೆ ಇದೆಯೇ ನೋಡಿ.

ಮೊದಲು ಘೇರಿನ ಎರಡು ತುಂಡು ತೆಗೆಯಿರಿ. ಉಳಿದದ್ದರಲ್ಲಿ ಮುಂದಿನ ಬಾಡಿ ಮಡಿಕೆಯ ಮೇಲೆ ಒಂದು, ಹಿಂದಿನದು ಎರಡು ಪದರದ ಮೇಲೆ ಇಟ್ಟು ಎರಡು. ಮಲ್‌ಮಲ್ಲಿನಲ್ಲೂ ಇದೇ ಮೂರು ತುಂಡು. ಮಲ್‌ಮಲ್ ಉಳಿದದ್ದರಲ್ಲಿ 1½ ಇಂಚು ಅಗಲ, 28 ಇಂಚು ಉದ್ದದ ಪಟ್ಟಿ ಒಂದು ತೆಗೆದಿಡಿ. ಸೊಂಟದ ಒಳಗೆ ಅದೇ ಕಾಪಾಡುತ್ತದೆ. ಮೇಲಿನ ಬಟ್ಟೆ ಉಳಿದದ್ದರಲ್ಲಿ ಜೇಬಿಗೆ 5½ ಉದ್ದ, 5 ಅಗಲದ ತುಂಡು. ಜೇಬು ಇರಲೇಬೇಕು. ಹುಡುಗಿಯರ ಬಟ್ಟೆಗೆ ಜೇಬು ಯಾಕೆ ಎನ್ನುವವರ ಮಾತು ಕೇಳಬೇಡಿ. ಹುಣಸೆ ಬೀಜ, ಪೆನ್ಸಿಲ್ ತುಂಡು, ಬಳೆ ಚೂರು ಇಟ್ಟುಕೊಳ್ಳಲು ಅವರಿಗೂ ಜಾಗ ಬೇಕು.

ಮಷಿನ್ ಸಿದ್ಧಮಾಡಿ

ತೆಳು ಹತ್ತಿಗೆ 11 ನಂಬರಿನ ಸೂಜಿ, ಪಾಪ್ಲಿನ್ ಮತ್ತು ಖಣಕ್ಕೆ 14. ಹಳೆ ಸೂಜಿ ಮೊಂಡಾಗಿದ್ದರೆ ಮಲ್‌ಮಲ್ಲಿನ ಎಳೆ ಎಳೆಯುತ್ತದೆ. ಹೊಲಿಗೆ ಒಂದು ಇಂಚಿಗೆ 10ರಿಂದ 12 ಬೀಳುವ ಹಾಗೆ ಇಡಿ. ಚಿಂದಿಯಲ್ಲಿ ಅಸ್ತರ ಸೇರಿಸಿ ಹೊಲಿದು ನೋಡಿ. ಕೆಳಗೆ ದಾರ ಬಳ್ಳಿಬಳ್ಳಿಯಾಗಿ ನಿಂತರೆ ಮೇಲಿನ ಟೆನ್ಶನ್ ಸಡಿಲ ಇದೆ ಅಥವಾ ದಾರ ಪೋಣಿಸಿದ್ದು ತಪ್ಪಿದೆ. ಮೊದಲು ದಾರ ತೆಗೆದು ಮತ್ತೆ ಪೋಣಿಸಿ. ಮುಕ್ಕಾಲು ಸಲ ಅಷ್ಟಕ್ಕೇ ಸರಿಹೋಗುತ್ತದೆ, ಸ್ಕ್ರೂ ಮುಟ್ಟುವ ಅಗತ್ಯ ಬರುವುದಿಲ್ಲ.

ಬಾಡಿ ಹೊಲಿಯುವುದು: ಇಲ್ಲಿ ನಿಧಾನ ಮಾಡಿ

ಇಡೀ ಫ್ರಾಕಿನ ಸೊಗಸು ಈ ಭಾಗದಲ್ಲಿದೆ. ಕುತ್ತಿಗೆ, ಆರ್ಮ್‌ಹೋಲ್, ಗುಂಡಿ ಪಟ್ಟಿ ಮೂರೂ ಒಂದೇ ಕೆಲಸದಲ್ಲಿ ಮುಗಿಯುತ್ತವೆ. ಪೈಪಿಂಗ್ ಬೇಡ, ಕ್ರಾಸ್ ಪಟ್ಟಿಯೂ ಬೇಡ.

ಮೇಲಿನ ಬಟ್ಟೆಯ ಮುಂದಿನ ಬಾಡಿಗೆ ಹಿಂದಿನ ಎರಡು ತುಂಡುಗಳನ್ನು ಭುಜದಲ್ಲಿ ಸೇರಿಸಿ, ಅರ್ಧ ಇಂಚು ಬಿಟ್ಟು ಹೊಲಿಯಿರಿ. ಹೊಲಿಗೆಯನ್ನು ಎರಡು ಕಡೆ ಬಿಡಿಸಿ ಇಸ್ತ್ರಿ ಮಾಡಿ. ಅಸ್ತರಕ್ಕೂ ಹಾಗೆಯೇ. ಪಕ್ಕದ ಹೊಲಿಗೆ ಈಗ ಹಾಕಲೇಬಾರದು, ನೆನಪಿರಲಿ. ಪಕ್ಕ ಮುಚ್ಚಿಬಿಟ್ಟರೆ ಮುಂದಿನ ಕೆಲಸ ಆಗುವುದಿಲ್ಲ.

ಈಗ ಎರಡನ್ನೂ ಸೀದಾ ಮಗ್ಗಲಿಗೆ ಸೀದಾ ಮಗ್ಗಲು ಬರುವ ಹಾಗೆ ಒಂದರ ಮೇಲೊಂದು ಹರಡಿ. ಭುಜದ ಹೊಲಿಗೆಗಳು ಒಂದಕ್ಕೊಂದು ಕೂಡಬೇಕು. ಅಲ್ಲಿ ಮೊದಲು ಪಿನ್ನು ಹಾಕಿ, ಆಮೇಲೆ ಉಳಿದ ಕಡೆ. ಮಲ್‌ಮಲ್ ಜರುಗುತ್ತಿದ್ದರೆ ಕೈಯಿಂದ ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚುವ ದೊಡ್ಡ ಟಾಕೆ) ಹಾಕಿಕೊಳ್ಳಿ. ಒಂದು ಕಡೆಯ ಹಿಂದಿನ ತುಂಡಿನ ಕೆಳತುದಿಯಿಂದ ಶುರುಮಾಡಿ, ಗುಂಡಿ ಪಟ್ಟಿಯ ಅಂಚಿನಗುಂಟ ಕಾಲು ಇಂಚು ಬಿಟ್ಟು ಮೇಲಕ್ಕೆ ಬನ್ನಿ. ಮೂಲೆಯಲ್ಲಿ ಸೂಜಿ ಬಟ್ಟೆಯೊಳಗೇ ಇರಲಿ, ಮಷಿನ್ನಿನ ಪಾದ ಎತ್ತಿ ಬಟ್ಟೆ ತಿರುಗಿಸಿ. ಕುತ್ತಿಗೆ ಸುತ್ತ ಹೋಗಿ, ಇನ್ನೊಂದು ಮೂಲೆ ತಿರುಗಿ, ಕೆಳಗಿಳಿಯಿರಿ. ಆಮೇಲೆ ಎರಡೂ ಆರ್ಮ್‌ಹೋಲುಗಳನ್ನು ಮುಂದಿನ ಕಂಕುಳ ತುದಿಯಿಂದ ಹಿಂದಿನ ಕಂಕುಳ ತುದಿಯವರೆಗೆ ಕಾಲು ಇಂಚಿಗೆ ಹೊಲಿಯಿರಿ.

ತಿರುವು ಇರುವ ಕಡೆಯೆಲ್ಲ ಅರ್ಧರ್ಧ ಇಂಚಿಗೆ ಒಂದೊಂದು ಕಚ್ಚು ಕೊಡಿ. ಕತ್ತರಿಯ ತುದಿ ಹೊಲಿಗೆಯ ಹತ್ತಿರ ಬರಬೇಕು, ದಾರ ಮುಟ್ಟಬಾರದು. ಕಚ್ಚು ಕೊಡದಿದ್ದರೆ ತಿರುವಿದ ಮೇಲೆ ಕುತ್ತಿಗೆ ಸುರುಟಿಕೊಳ್ಳುತ್ತದೆ. ಮೂಲೆಗಳನ್ನು ಓರೆಯಾಗಿ ಕತ್ತರಿಸಿ.

ಈಗ ತಿರುವುವುದು. ಮುಂದಿನ ಬಾಡಿಯ ಕೆಳಗಿನಿಂದ ಮೇಲಿನ ಬಟ್ಟೆ ಮತ್ತು ಅಸ್ತರದ ನಡುವೆ ಕೈ ಹಾಕಿ. ಭುಜದ ಹತ್ತಿರ ಒಂದು ಸಂದು ಸಿಗುತ್ತದೆ, ಸುಮಾರು ಎರಡು ಬೆರಳು ಅಗಲ. ಆ ಸಂದಿನೊಳಗಿಂದ ಹಿಂದಿನ ತುಂಡನ್ನು ಹಿಡಿದು ಮೆಲ್ಲಗೆ ನಿಮ್ಮ ಕಡೆಗೆ ಎಳೆದುಕೊಳ್ಳಿ. ಬಟ್ಟೆ ಮುದ್ದೆಯಾಗುತ್ತದೆ, ಹೆದರಬೇಡಿ. ಪೂರ್ತಿ ಹೊರಬಂದ ಕೂಡಲೇ ಆರ್ಮ್‌ಹೋಲು, ಕುತ್ತಿಗೆ ಎರಡೂ ತಾವಾಗಿಯೇ ಅಂಚು ಮುಚ್ಚಿಕೊಂಡು ನಿಂತಿರುತ್ತವೆ. ಇನ್ನೊಂದು ಕಡೆಯೂ ಹಾಗೇ. ಮೂಲೆಗಳನ್ನು ಮೊಂಡು ಪೆನ್ಸಿಲ್ಲಿನಿಂದ ನೂಕಿ ಚೂಪು ಮಾಡಿ. ಅಸ್ತರ ಒಂದು ಎಳೆಯಷ್ಟು ಒಳಗೆ ಜರುಗಿರುವ ಹಾಗೆ ಹಿಡಿದು ಇಸ್ತ್ರಿ ಮಾಡಿ. ಬೇಕಿದ್ದರೆ ಅಂಚಿನಗುಂಟ ಮೇಲಿಂದ ಒಂದು ಹೊಲಿಗೆ ಹಾಕಬಹುದು. ದಿನಬಳಕೆಯ ಫ್ರಾಕಿಗೆ ಹಾಕಿದರೆ ಒಗೆದಾಗ ಅಸ್ತರ ಹೊರಗೆ ಇಣುಕುವುದಿಲ್ಲ.

ಪಕ್ಕದ ಹೊಲಿಗೆ ಈಗ. ಕಂಕುಳ ಹತ್ತಿರ ಅಸ್ತರವನ್ನು ಮೇಲಕ್ಕೆ ಎತ್ತಿ. ಮೇಲಿನ ಬಟ್ಟೆಯ ಮುಂದಿನ ಭಾಗ ಹಿಂದಿನ ಭಾಗಕ್ಕೆ, ಅಸ್ತರದ ಮುಂದಿನದು ಅಸ್ತರದ ಹಿಂದಿನದಕ್ಕೆ ಸೀದಾ ಮಗ್ಗಲು ಕೂಡುವ ಹಾಗೆ ಇಡಿ. ಕಂಕುಳ ಹೊಲಿಗೆಗಳು ಒಂದರ ಮೇಲೊಂದು ಕೂರಲಿ. ಮೇಲಿನ ಬಟ್ಟೆಯ ಸೊಂಟದಿಂದ ಶುರುಮಾಡಿ ಅಸ್ತರದ ಸೊಂಟದವರೆಗೆ ಒಂದೇ ಉದ್ದ ಹೊಲಿಗೆ, ಒಂದು ಇಂಚು ಬಿಟ್ಟು. ಬಿಡಿಸಿ ಇಸ್ತ್ರಿ ಮಾಡಿ ಅಸ್ತರ ಕೆಳಗಿಳಿಸಿದರೆ ಒಂದು ಇಂಚಿನ ಮಾರ್ಜಿನ್ ಎರಡು ಪದರದ ನಡುವೆ ಅಡಗಿರುತ್ತದೆ.

ಘೇರು ಹಚ್ಚುವ ಮುಂಚೆ ಒಂದು ಸಲ ಮಗುವಿಗೆ ತೊಡಿಸಿ ನೋಡಿ. ಕೈ ಮೇಲೆತ್ತಿಸಿ, ಕೂರಿಸಿ. ಕಂಕುಳ ಹಿಡಿದರೆ ಈಗಲೇ ಪಕ್ಕ ಬಿಚ್ಚಿ ಸಡಿಲ ಮಾಡಿ.

ಘೇರು

ಘೇರಿನ ಎರಡು ತುಂಡುಗಳ ಪಕ್ಕಕ್ಕೆ ಡಬಲ್ ಹೊಲಿಗೆ ಹಾಕಿ. ಮೊದಲು ಉಲ್ಟಾ ಮಗ್ಗಲುಗಳು ಒಳಗೆ ಬರುವ ಹಾಗೆ, ಅಂದರೆ ಹೊಲಿಗೆ ಹೊರಗೆ ಕಾಣುವ ಹಾಗೆ, ಕಾಲು ಇಂಚಿಗೆ ಹೊಲಿಯಿರಿ. ಅಂಚನ್ನು ಸಣ್ಣಗೆ ಕತ್ತರಿಸಿ, ತಿರುವಿ, ಒಳಗಿನಿಂದ ಕಾಲು ಇಂಚಿಗಿಂತ ಸ್ವಲ್ಪ ಹೆಚ್ಚು ಬಿಟ್ಟು ಇನ್ನೊಂದು ಹೊಲಿಗೆ. ಬಟ್ಟೆಯ ಎಳೆಗಳು ಒಳಗೇ ಸಿಕ್ಕಿಹಾಕಿಕೊಳ್ಳುತ್ತವೆ.

ಜೇಬನ್ನು ಈಗಲೇ ಹಚ್ಚಿಬಿಡಿ, ಘೇರು ಚಪ್ಪಟೆ ಇರುವಾಗಲೇ ಸುಲಭ. ಮೇಲಿನ ತುದಿ ಒಂದು ಇಂಚು, ಉಳಿದ ಕಡೆ ಕಾಲು ಇಂಚು ಮಡಿಚಿ ಇಸ್ತ್ರಿ ಮಾಡಿ ಬಲಗಡೆಗೆ, ಮೇಲಿನಿಂದ ಮೂರು ನಾಲ್ಕು ಇಂಚು ಕೆಳಗೆ. ಬಾಯಿಯ ಎರಡು ಮೂಲೆಗೆ ಸಣ್ಣ ತ್ರಿಕೋನದ ಹೊಲಿಗೆ ಕೊಡಿ, ಹರಿಯುವುದು ಅಲ್ಲಿಂದಲೇ.

ಕೆಳತುದಿಯನ್ನು ಅರ್ಧ ಇಂಚು, ಮತ್ತೆ 2 ಇಂಚು ಮಡಿಚಿ ಹೊಲಿಯಿರಿ. ಅದರ ಮೇಲೆ ಒಂದು ಇಂಚು ಜಾಗ ಬಿಟ್ಟು ಟಕ್ ಹಿಡಿಯಿರಿ. ಬಟ್ಟೆಯನ್ನು ಸುತ್ತಲೂ ಮಡಿಚಿ ಮಡಿಕೆಯಿಂದ ಒಂದು ಇಂಚಿಗೆ ಹೊಲಿದರೆ ಆಯಿತು. ಇದು 2 ಇಂಚು ಬಟ್ಟೆ ನುಂಗುತ್ತದೆ. ಲಂಗಕ್ಕೆ ನಮ್ಮ ಅಜ್ಜಿಯರು ಹಿಡಿಸುತ್ತಿದ್ದದ್ದು ಇದನ್ನೇ. ಹೊಲಿಗೆ ದೊಡ್ಡದಿರಲಿ, ಮುಂದೆ ಬಿಚ್ಚಬೇಕಲ್ಲ. ಮೇಲೆ ಕಾಣುವ ಹಾಗೆ ಹಿಡಿದು ಅದರ ಅಂಚಿಗೆ ಸಣ್ಣ ಲೇಸು ಇಟ್ಟರೆ ಅಂದವೂ ಆಗುತ್ತದೆ. ಸೀರೆ ಅಂಚಿನ ಘೇರಾದರೆ ಕೆಳಗೆ ಬಿಚ್ಚಲು ಏನೂ ಇರುವುದಿಲ್ಲ, ಅದಕ್ಕೆ ಟಕ್ಕು ಎರಡು ಹಿಡಿಯಿರಿ.

ನಿರಿಗೆಗೆ ಮಷಿನ್ನಿನ ಹೊಲಿಗೆಯನ್ನು ಎಲ್ಲಕ್ಕಿಂತ ದೊಡ್ಡದು ಮಾಡಿ. ಮೇಲಿನ ಅಂಚಿನಿಂದ ಕಾಲು ಇಂಚಿಗೆ ಒಂದು ಸಾಲು, ಅರ್ಧ ಇಂಚಿಗೆ ಸ್ವಲ್ಪ ಮುಂಚೆ ಇನ್ನೊಂದು ಸಾಲು. ಒಂದೇ ಸಾಲು ಹಾಕಿದರೆ ನಿರಿಗೆ ತಿರುಚಿಕೊಳ್ಳುತ್ತದೆ. ಮುಂದಿನ ಘೇರಿಗೆ ಬೇರೆ, ಹಿಂದಿನದಕ್ಕೆ ಬೇರೆ ಹಾಕಿ, ಇಡೀ ಸುತ್ತಿಗೆ ಒಂದೇ ದಾರ ಎಳೆದರೆ ನಡುವೆ ಕಡಿಯುತ್ತದೆ. ತುದಿಯಲ್ಲಿ ಉದ್ದ ದಾರ ಬಿಡಿ. ಕೆಳಗಿನ ಬಾಬಿನ್ ದಾರ ಎರಡನ್ನೂ ಒಟ್ಟಿಗೆ ಎಳೆದು, ಬೆರಳಿನಿಂದ ನಿರಿಗೆಗಳನ್ನು ಸಮ ಹಂಚಿ.

ಹಿಂದಿನ ಬಾಡಿಯ ಎರಡು ತುಂಡುಗಳನ್ನು ನಡುಗೆರೆಗೆ ನಡುಗೆರೆ ಕೂಡುವ ಹಾಗೆ, ಬಲಗಡೆಯದು ಮೇಲೆ ಬರುವಂತೆ ಇಟ್ಟು ಸೊಂಟದಲ್ಲಿ ಕಚ್ಚಾ ಹೊಲಿಗೆ ಹಾಕಿ. ಸುತ್ತಲೂ ಮೇಲಿನ ಬಟ್ಟೆಗೂ ಅಸ್ತರಕ್ಕೂ ಸೇರಿಸಿ ಹೀಗೇ ಕಚ್ಚಾ ಹಾಕಿಕೊಳ್ಳಿ. ಬಾಡಿ ಮತ್ತು ಘೇರು ಸೀದಾ ಮಗ್ಗಲಿಗೆ ಸೀದಾ ಮಗ್ಗಲು. ಪಕ್ಕದ ಹೊಲಿಗೆಗೆ ಪಕ್ಕ, ನಡುವಿಗೆ ನಡು. ಅರ್ಧ ಇಂಚಿಗೆ ಹೊಲಿಯಿರಿ. ಹೊಲಿಯುವಾಗ ನಿರಿಗೆ ಮೇಲೆ ಕಾಣುತ್ತಿರಲಿ. ಆಗ ಮಡಿಕೆ ಅಡ್ಡ ಮಲಗಿದರೆ ಸೂಜಿಗೆ ಸಿಕ್ಕುವ ಮುಂಚೆ ಸರಿಮಾಡಬಹುದು.

ಈಗ ತೆಗೆದಿಟ್ಟ ಮಲ್‌ಮಲ್ ಪಟ್ಟಿ. ಘೇರಿನ ಉಲ್ಟಾ ಮಗ್ಗಲಿಗೆ ಪಟ್ಟಿಯ ಅಂಚು ಸೊಂಟದ ಅಂಚಿಗೆ ಕೂಡಿಸಿ, ಅದೇ ಹೊಲಿಗೆಯ ಮೇಲೆ ಮತ್ತೆ ಹೊಲಿಯಿರಿ. ಸೊಂಟದ ಹೊಲಿಗೆ ಇದರಿಂದ ಎರಡು ಪಟ್ಟು ಗಟ್ಟಿಯೂ ಆಯಿತು. ಎಲ್ಲ ಅಂಚುಗಳನ್ನು ಬಾಡಿಯ ಕಡೆಗೆ ಮೇಲೆ ಮಡಿಚಿ, ಪಟ್ಟಿಯನ್ನು ಅದರ ಮೇಲೆ ಹೊದಿಸಿ, ತುದಿ ಕಾಲು ಇಂಚು ಒಳಗೆ ಮಡಿಚಿ, ಅಸ್ತರಕ್ಕೆ ಮಾತ್ರ ಹಿಡಿದು ಕೈಯಿಂದ ಹೆಮ್ಮಿಂಗ್ ಮಾಡಿ. ಹೊರಗೆ ಒಂದು ಟಾಕೆಯೂ ಕಾಣಬಾರದು. ಈಗ ಒಳಗೆ ಕೈಯಾಡಿಸಿ. ಸೊಂಟದ ಸುತ್ತ ಬರೀ ಮೆತ್ತಗಿನ ಮಲ್‌ಮಲ್ ಸಿಗಬೇಕು.

ಗುಂಡಿ, ಕಾಜಾ

ಮೇಲಿರುವ ಬಲಗಡೆಯ ಪಟ್ಟಿಗೆ ಕಾಜಾ, ಕೆಳಗಿನದಕ್ಕೆ ಗುಂಡಿ, ಎರಡೂ ನಡುಗೆರೆಯ ಮೇಲೆ. ಮೊದಲನೆಯದು ಕುತ್ತಿಗೆಯಿಂದ ಅರ್ಧ ಇಂಚು ಕೆಳಗೆ, ಕೊನೆಯದು ಸೊಂಟದಿಂದ ಒಂದು ಇಂಚು ಮೇಲೆ, ಉಳಿದೆರಡು ನಡುವೆ ಸಮನಾಗಿ. ಅರ್ಧ ಇಂಚಿನ ಚಪ್ಪಟೆ ಗುಂಡಿಗೆ ಕಾಜಾ ಅದಕ್ಕಿಂತ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ಉದ್ದ ಇದ್ದರೆ ಸಾಕು. ಕಾಜಾ ಅಡ್ಡ ಕತ್ತರಿಸಿ, ಎಳೆದಾಗ ಗುಂಡಿ ಕಳಚುವುದಿಲ್ಲ. ಕತ್ತರಿಸುವ ಮುಂಚೆ ಸುತ್ತಲೂ ಸಣ್ಣ ಹೊಲಿಗೆ ಹಾಕಿದರೆ ಎಳೆ ಬಿಚ್ಚುವುದಿಲ್ಲ. ಜೋಡಿ ದಾರದಲ್ಲಿ ಒತ್ತೊತ್ತಾಗಿ ಕಾಜಾ ಹೊಲಿಗೆ ಹಾಕಿ, ಪ್ರತಿ ಸಲ ಗಂಟು ಅಂಚಿನ ಮೇಲೆ ಬರಬೇಕು. ಕೈ ಕೂರದವರು ಬಜಾರಿನ ಟೇಲರ್ ಅಂಗಡಿಯಲ್ಲಿ ಕಾಜಾ ಮಾಡಿಸಿಕೊಳ್ಳಬಹುದು, ಅಥವಾ ಟಿಚ್ ಬಟನ್ ಹಚ್ಚಬಹುದು.

ಮೂರು ವರ್ಷದೊಳಗಿನ ಮಗುವಿಗೆ ಗುಂಡಿ, ಮಣಿ, ಚಮ್ಕಿ ಯಾವುದೂ ಸಡಿಲ ಇರಬಾರದು, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ. ಗುಂಡಿ ಹಚ್ಚಿದ ಮೇಲೆ ಜೋರಾಗಿ ಎಳೆದು ನೋಡಿ. ಕುತ್ತಿಗೆ ಸುತ್ತ ಲಾಡಿ, ಗೊಂಡೆ ಇಡಲೇಬೇಡಿ. ಆಡುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಹಿಂದೆ ಕಟ್ಟುವ ಸೊಂಟದ ಪಟ್ಟಿಯೂ ಉದ್ದ ಜೋತಾಡಬಾರದು. ಗಾಡಿಯ ಮೇಲೆ ಮಗುವನ್ನು ಕೂರಿಸಿಕೊಂಡು ಹೋಗುವ ಊರು ನಮ್ಮದು, ಚಕ್ರಕ್ಕೆ ಸಿಕ್ಕೀತು. ದೀಪಾವಳಿಯಲ್ಲಿ ನೆಟ್, ನೈಲಾನ್ ತೊಡಿಸಿ ಪಟಾಕಿ ಹತ್ತಿರ ಬಿಡಬೇಡಿ. ಹತ್ತಿಗೂ ಬೆಂಕಿ ಹತ್ತುತ್ತದೆ, ಹಾಗಾಗಿ ದೂರವೇ ನಿಲ್ಲಿಸಿ. ಆದರೆ ನೈಲಾನ್ ಕರಗಿ ಚರ್ಮಕ್ಕೇ ಅಂಟುತ್ತದೆ.

ಒಗೆಯುವುದು, ಮುಂದಿನ ವರ್ಷ ಬಿಚ್ಚುವುದು

ಎಳ್ಳಮಾಸಿಗೆ (ಎಳ್ಳ ಅಮಾವಾಸ್ಯೆಗೆ) ಹೊಲಕ್ಕೆ ಹೋದರೆ ಭಜ್ಜಿಯ ಕಲೆ ಆಗದೆ ಇರುವುದಿಲ್ಲ. ಆಗಲಿ, ಹೊಲದಲ್ಲಿ ಓಡಾಡಲೆಂದೇ ಹೊಲಿದ ಫ್ರಾಕಲ್ಲವೇ. ತೊಗರಿ ಕಟ್ಟಿಗೆಗೆ ನೆಟ್ ಸಿಕ್ಕಿ ಹರಿದ ಹಾಗೆ ಇದು ಹರಿಯುವುದಿಲ್ಲ. ಅರಿಶಿನದ ಕಲೆಯನ್ನು ಸೋಪು ಹಚ್ಚಿ ಒಗೆದು ಬಿಸಿಲಿಗೆ ಹಾಕಿ, ಬಿಸಿಲಿಗೆ ಅರಿಶಿನ ಮಾಸುತ್ತದೆ. ಉಳಿದ ದಿನ ಉಲ್ಟಾ ಮಾಡಿ ನೆರಳಲ್ಲಿ ಒಣಗಿಸಿ.

ಮಗು ಬೆಳೆದಾಗ ಮೊದಲು ಟಕ್ ಬಿಚ್ಚಿ, ಎರಡು ಇಂಚು ಉದ್ದ ಸಿಗುತ್ತದೆ. ಅದೂ ಸಾಲದಾದಾಗ ಕೆಳಗಿನ ಮಡಿಕೆ ಬಿಚ್ಚಿ ಅರ್ಧ ಇಂಚು ಮಾತ್ರ ಮಡಿಚಿ, ಇನ್ನೂ ಎರಡು ಇಂಚು. ಹಳೆಯ ಮಡಿಕೆಯ ಗೆರೆ ಉಳಿದರೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಗೆರೆಯ ಮೇಲೆ ಒರೆಸಿ, ಬಿಸಿ ಇಸ್ತ್ರಿ ಒತ್ತಿ. ಬಣ್ಣ ಹೋಗುತ್ತದೆಯೇ ಅಂತ ಮೊದಲು ಒಳಗೆ ಒಂದು ಮೂಲೆಯಲ್ಲಿ ನೋಡಿಕೊಳ್ಳಿ. ಪೂರ್ತಿ ಹೋಗದಿದ್ದರೆ ಆ ಗೆರೆಯ ಮೇಲೆ ಲೇಸು ಕೂರಿಸಿ.

ಎದೆಯಲ್ಲಿ ಬಿಗಿಯಾದರೆ ಸೊಂಟದ ಮಲ್‌ಮಲ್ ಪಟ್ಟಿಯನ್ನೂ ಸೊಂಟದ ಹೊಲಿಗೆಯನ್ನೂ ಪಕ್ಕದ ಹತ್ತಿರ ಮೂರು ಮೂರು ಇಂಚು ಬಿಚ್ಚಿ. ಪಕ್ಕದ ಹೊಲಿಗೆಯನ್ನು ಅರ್ಧ ಇಂಚು ಹೊರಗೆ ತಂದು ಮತ್ತೆ ಹೊಲಿದರೆ ಸುತ್ತಿನಲ್ಲಿ ಎರಡು ಇಂಚು ಹೆಚ್ಚುತ್ತದೆ. ಆ ಜಾಗದ ನಿರಿಗೆ ಸಡಿಲಿಸಿ ಘೇರು ಮತ್ತೆ ಕೂಡಿಸಿ, ಮಲ್‌ಮಲ್ ಪಟ್ಟಿ ಸಾಲದ ಕಡೆ ಎರಡು ಇಂಚಿನ ತುಂಡು ಸೇರಿಸಿ ಹೆಮ್ಮಿಂಗ್ ಮಾಡಿ. ಕತ್ತರಿಸಿ ಉಳಿದ ಚೂರುಗಳನ್ನು ಅಲ್ಲಿಯವರೆಗೆ ಎಸೆಯಬೇಡಿ. ಇಂಥ ದುರಸ್ತಿಗೆ ಅದೇ ಬಟ್ಟೆ ಬೇಕಾಗುತ್ತದೆ, ಮಿಕ್ಕದ್ದು ಕೌದಿಗೆ ಹೋಗುತ್ತದೆ.